ಕಾರ್ಪೆಟ್ ಕೀಳುವ ಮುಂಚೆ ಒಂದು ಮೂಲೆ ಎತ್ತಿ ನೋಡಿ

ಪ್ರಶ್ನೆ: ನಮ್ಮ ಮನೆಯೊಳಗಿನ ಮರದ ಮೆಟ್ಟಿಲಿಗೆ ಹಿಂದೆ ಇದ್ದವರು ಕಾರ್ಪೆಟ್ ಹಾಕಿಸಿದ್ದರು. ಈಗ ಅಂಚೆಲ್ಲ ಸವೆದಿದೆ, ಎಷ್ಟು ತಿಕ್ಕಿದರೂ ಕಲೆ ಹೋಗುತ್ತಿಲ್ಲ. ಒಟ್ಟು 13 ಮೆಟ್ಟಿಲು. ನಾಲ್ಕನೆಯದು ಕಾಲಿಟ್ಟರೆ ಕಿರ್ ಅನ್ನುತ್ತದೆ. ಕಾರ್ಪೆಟ್ ಕಿತ್ತು ಮರಕ್ಕೆ ಪಾಲಿಶ್ ಮಾಡೋಣ ಅಂತಿದ್ದೇನೆ. ನಾನೇ ಮಾಡಬಹುದಾ?

ಉತ್ತರ: ಧಾರಾಳವಾಗಿ ಮಾಡಬಹುದು. ಆದರೆ ಪಾಲಿಶ್ ಡಬ್ಬಿ ಈಗಲೇ ತರಬೇಡಿ. ಮೊದಲು ಒಂದು ಮೂಲೆಯಲ್ಲಿ ಕಾರ್ಪೆಟ್ ಎತ್ತಿ ಕೆಳಗೇನಿದೆ ನೋಡಿ. ಹೇಗೂ ಮುಚ್ಚಿಹೋಗುತ್ತದೆ ಅಂತ ಅಲ್ಲಿ ಅಗ್ಗದ ಮರ, ಪ್ಲೈವುಡ್ ಹಾಕಿರುವುದುಂಟು. ಎಳೆ ಚೆನ್ನಾಗಿರುವ ಗಟ್ಟಿ ಮರ ಸಿಕ್ಕರೆ ಪಾಲಿಶ್. ಸಾಧಾರಣ ಮರವಾದರೆ ಬಣ್ಣ ಹೊಡೆಯುವುದೇ ಚೆಂದ. ಹಳೇ ಮನೆಯಾಗಿದ್ದು ಕೆಳಗೆ ಕಪ್ಪು ಅಂಟೋ ಹಳೇ ಬಣ್ಣವೋ ಕಂಡರೆ ಕೆರೆಯಬೇಡಿ, ಉಜ್ಜಬೇಡಿ. ಅಂಟಿನಲ್ಲಿ ಆಸ್ಬೆಸ್ಟಾಸ್, ಬಣ್ಣದಲ್ಲಿ ಸೀಸ ಇರಬಹುದು. ಮೊದಲು ಪರೀಕ್ಷೆ ಮಾಡಿಸಿ.

ಕೀಳುವುದು ಕಷ್ಟವಲ್ಲ. ಮೇಲಿನಿಂದ ಶುರು ಮಾಡಿ, ಎರಡು ಮೂರು ಮೆಟ್ಟಿಲಿಗೊಮ್ಮೆ ಚಾಕುವಿನಿಂದ ತುಂಡು ಮಾಡಿಕೊಳ್ಳುತ್ತಾ ಇಳಿಯಿರಿ. ಒಳಮೂಲೆಯಲ್ಲಿ ಮೊಳೆ ಮೇಲೆದ್ದಿರುವ ಮರದ ಪಟ್ಟಿ ಇರುತ್ತದೆ. ದಪ್ಪ ಕೈಗವಸು, ಗಟ್ಟಿ ಬೂಟು, ಮಾಸ್ಕ್ ಬೇಕೇ ಬೇಕು. ತಾಳ್ಮೆ ಕೆಡಿಸುವುದು ಸ್ಟೇಪಲ್ ಪಿನ್ನುಗಳು. ಒಂದೊಂದು ಮೆಟ್ಟಿಲಲ್ಲೂ ಹತ್ತಾರು. ಎಳೆದರೆ ಒಂದು ಕಾಲು ಬರುತ್ತದೆ, ಇನ್ನೊಂದು ಮರದೊಳಗೇ ಮುರಿಯುತ್ತದೆ. ಅದನ್ನು ಇಕ್ಕಳದಲ್ಲಿ ಹಿಡಿದು ನಿಧಾನವಾಗಿ ಹೊರಳಿಸಿ ಎಳೆಯಿರಿ. ಆಮೇಲೆ ಕೈಗವಸಿನ ಮೇಲೆ ಹಳೇ ನೈಲಾನ್ ಕಾಲುಚೀಲ ಹಾಕಿಕೊಂಡು ಹಲಗೆ ಸವರಿ. ದಾರ ಸಿಕ್ಕಿಕೊಂಡ ಕಡೆ ಪಿನ್ ಉಳಿದಿದೆ ಅಂತ ಅರ್ಥ. ಒಂದು ಉಳಿದರೂ ಉಪ್ಪುಕಾಗದ ಹರಿಯುತ್ತದೆ, ಬರಿಗಾಲಿಗೂ ಚುಚ್ಚುತ್ತದೆ.

ಹಲಗೆ ಬರಿದಾದಾಗಲೇ ನಾಲ್ಕನೇ ಮೆಟ್ಟಿಲನ್ನು ನೋಡಿಬಿಡಿ. ಕಾಲಿಡುವ ಹಲಗೆ ಸಡಿಲವಾಗಿ, ಕೆಳಗೆ ನಿಂತ ಹಲಗೆಗೆ ಉಜ್ಜಿದಾಗ ಆ ಸದ್ದು ಬರುತ್ತದೆ. ಸಣ್ಣ ತೂತು ಕೊರೆದು, ಮೇಲಿನಿಂದ ಎರಡು ಮೂರು ಸ್ಕ್ರೂ ಬಿಗಿದು, ತಲೆ ಒಳಗಿಳಿಸಿ ಪುಟ್ಟಿ ತುಂಬಿ. ಆಮೇಲೆ 60 ನಂಬರಿನ ಉಪ್ಪುಕಾಗದದಿಂದ ಉಜ್ಜಿ, ನಂತರ 80, ಕೊನೆಗೆ 120 (ನಂಬರ್ ಹೆಚ್ಚಿದಷ್ಟೂ ಕಾಗದ ನಯ). ಧೂಳು ಪೂರ್ತಿ ಒರೆಸಿ.

ಮರ ತೀರಾ ಕೆಟ್ಟಿದ್ದರೆ ಮೇಲೊಂದು ಹೊಸ ಹಲಗೆ ಕೂರಿಸೋಣ ಅನ್ನಿಸಬಹುದು. ಇಲ್ಲೇ ಜಾಸ್ತಿ ಜನ ಎಡವುವುದು. 20 ಮಿಲಿಮೀಟರ್ ಹಲಗೆ ಹಾಕಿದರೆ ಮಧ್ಯದ ಮೆಟ್ಟಿಲುಗಳ ಎತ್ತರ ಹಾಗೇ ಇರುತ್ತದೆ. ಆದರೆ ಮೊದಲನೆಯದು 20 ಮಿಲಿಮೀಟರ್ ಏರುತ್ತದೆ, ಮಹಡಿ ಸೇರುವ ಕೊನೆಯದು ಅಷ್ಟೇ ಇಳಿಯುತ್ತದೆ. ನಾವು ಮೆಟ್ಟಿಲು ನೋಡಿಕೊಂಡು ಹತ್ತುವುದಿಲ್ಲ, ಅಲ್ವಾ? ಕಾಲು ಒಂದೇ ಅಳತೆಗೆ ಒಗ್ಗಿರುತ್ತದೆ. ಹಾಗಾಗಿ ಹಳೇ ಹಲಗೆ ತೆಗೆದು ಅಷ್ಟೇ ದಪ್ಪದ್ದನ್ನು ಹಾಕಬೇಕು. ಆ ಕೆಲಸ ಬಡಗಿಗೆ ಬಿಡಿ.

ಹೊಳಪಿನ ವಾರ್ನಿಷ್ ಬೇಡ ಅಂತಲೇ ನಾನು ಹೇಳುತ್ತೇನೆ. ಕಾಲುಚೀಲ ಹಾಕಿ ಇಳಿದರೆ ಜಾರುತ್ತದೆ. ಹೊಳಪಿಲ್ಲದ್ದು ತಗೊಳ್ಳಿ, ಕೊನೇ ಕೋಟ್‌ಗೆ ಜಾರದಂತೆ ತಡೆಯುವ ಪುಡಿ ಬೆರೆಸಿ.

ಓಡಾಟ ನಿಲ್ಲಬಾರದು ಅಂದರೆ ಮೊದಲು 1, 3, 5 ಹೀಗೆ ಬಳಿಯಿರಿ. ಪೂರ್ತಿ ಒಣಗಿದ ಮೇಲೆ ಉಳಿದವು. ಹಸಿ ಮೆಟ್ಟಿಲಿಗೆ ಬದಿಯಲ್ಲಿ ಟೇಪ್ ಅಂಟಿಸಿ ಗುರುತು ಮಾಡಿ. ಮನೆಯಲ್ಲಿ ವಯಸ್ಸಾದವರೋ ಚಿಕ್ಕ ಮಕ್ಕಳೋ ಇದ್ದರೆ ಮೆಟ್ಟಿಲು ದಾಟಿಸುವ ಈ ಉಪಾಯ ಬೇಡವೇ ಬೇಡ. ಕೆಲಸ ಮುಗಿಯುವವರೆಗೆ ಅವರ ಹಾಸಿಗೆ ಕೆಳಗೇ ಹಾಸಿ.