ನಿಮ್ಮ ಏಳು ಊಹೆಗಳಲ್ಲಿ ನಾನು ಒಪ್ಪುವುದು ಎಷ್ಟು?

ಓದುಗರ ಪತ್ರ: ಸಂಪಾದಕರಿಗೆ ನಮಸ್ಕಾರ. ನಾಲ್ಕು ಸೀಸನ್ ಒಂದು ಕಂತೂ ಬಿಡದೆ ನೋಡಿದ ಸೀರಿಯಲ್ ಇನ್ನೇನು ಮುಗಿಯುತ್ತಿದೆ. ಕೊನೆಯ ಕಂತಿನಲ್ಲಿ ಏನಾಗಬಹುದು ಅಂತ ಏಳು ಊಹೆ ಬರೆದಿಟ್ಟಿದ್ದೇನೆ. ಒಂದು, ಕಾಣೆಯಾದ ಅಪ್ಪ ಬದುಕಿದ್ದಾನೆ, ಕೊನೆಗೆ ಮನೆಗೆ ಬರುತ್ತಾನೆ. ಎರಡು, ಮನೆ ಪತ್ರಕ್ಕೆ ಕಳ್ಳ ಸಹಿ ಹಾಕಿದ್ದು ಚಿಕ್ಕಪ್ಪನೇ. ಮೂರು, ಅಕ್ಕ ಮನೆ ಬಿಟ್ಟು ಹೋಗುತ್ತಾಳೆ. ನಾಲ್ಕು, ಕೊನೇ ತಮ್ಮ ಸಾಯುತ್ತಾನೆ. ಐದು, ಹೆಸರು ಹೇಳದೆ ತಿಂಗಳು ತಿಂಗಳು ದುಡ್ಡು ಕಳಿಸುತ್ತಿರುವುದು ಮಹಡಿ ಮೇಲಿನ ಬಾಡಿಗೆಯವರು. ಆರು, ಇಡೀ ಕಥೆ ಅಕ್ಕ ಬರೆದ ಕಾದಂಬರಿ. ಏಳು, ಮೊದಲ ಕಂತಿನಲ್ಲಿ ಮುಚ್ಚಿಕೊಂಡ ಗೇಟು ಕೊನೆಯ ದೃಶ್ಯದಲ್ಲಿ ತೆರೆದುಕೊಳ್ಳುತ್ತದೆ. ಇವುಗಳಲ್ಲಿ ಎಷ್ಟು ನಿಜವಾಗಬಹುದು? ಹೀಗೆ ಮೊದಲೇ ಊಹೆ ಮಾಡಿಕೊಂಡು ಕೂತರೆ ನೋಡುವ ಮಜಾನೇ ಹೋಗುತ್ತೆ ಅಂತ ನನ್ನ ತಂಗಿ ಬೈಯುತ್ತಾಳೆ. ಹೌದಾ?

ಸಂಪಾದಕರ ಉತ್ತರ: ನಿಮ್ಮ ಪತ್ರದಿಂದ ಸೀರಿಯಲ್ ಹೆಸರನ್ನು ತೆಗೆದಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ಓದುಗರಲ್ಲಿ ಇನ್ನೂ ಎರಡನೇ ಸೀಸನ್ನಿನಲ್ಲೇ ಇರುವವರಿದ್ದಾರೆ, ಅವರ ಶಾಪ ನನಗೆ ಬೇಡ. ನೋಡಿದವರಿಗೆ ಗೇಟು ಅಂದ ಕೂಡಲೇ ಗೊತ್ತಾಗಿರುತ್ತದೆ. ನಾನೂ ನೋಡುತ್ತಿದ್ದೇನೆ, ಹಾಗಾಗಿ ಈ ಉತ್ತರದಲ್ಲಿ ಸಂಪಾದಕನಿಗಿಂತ ಪ್ರೇಕ್ಷಕನ ಮಾತೇ ಜಾಸ್ತಿ.

ನಿಮ್ಮ ಏಳೂ ಊಹೆ ಒಂದೇ ಬಗೆಯವಲ್ಲ. ಎರಡು ಊಹೆ ಕಥೆ ನಮಗೆ ಉಳಿಸಿಕೊಂಡಿರುವ ಸಾಲದ ಲೆಕ್ಕ. ಒಂದು ನಿಮ್ಮ ಆಸೆ. ಒಂದು ಭಯ. ಒಂದು ಸುಮ್ನೆ ಜಾಣತನ. ಊಹೆ ನಿಜವಾಗುತ್ತಾ ಅಂತ ಕೇಳುವ ಮೊದಲು ಅದು ಎಲ್ಲಿಂದ ಹುಟ್ಟಿತು ಅಂತ ಕೇಳಿಕೊಂಡರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಚಿಕ್ಕಪ್ಪನ ವಿಷಯಕ್ಕೆ ಬರೋಣ. ಎರಡನೇ ಸೀಸನ್ನಿನಲ್ಲಿ ಅವನು ಮನೆಗೆ ಬಂದ ಪಾರ್ಸೆಲ್‌ಗೆ ಸಹಿ ಹಾಕುತ್ತಾನೆ. ಕಥೆಗೆ ಆ ಪಾರ್ಸೆಲ್‌ನಿಂದ ಏನೂ ಆಗಬೇಕಿಲ್ಲ. ಆದರೂ ಕ್ಯಾಮೆರಾ ಅವನ ಮುಖ ಬಿಟ್ಟು ಕೈ ಮೇಲೆ ನಿಲ್ಲುತ್ತದೆ. ಕೊನೆಯ ಅಕ್ಷರದ ಬಾಲವನ್ನು ಕೆಳಗೆ ಎಳೆದು ಒಂದು ಚುಕ್ಕಿ ಇಡುತ್ತಾನೆ. ಮನೆ ಪತ್ರದ ಮೇಲೂ ಅಂಥದೇ ಚುಕ್ಕಿ ಇದೆ ಅಂತ ನೀವು ಬರೆದಿದ್ದೀರಿ. ನಾನು ಮತ್ತೆ ಹಾಕಿ ನೋಡಿದೆ, ಇದೆ! ಇಷ್ಟು ಹತ್ತಿರದಿಂದ ತೋರಿಸಿದ ಮೇಲೆ ಆ ಸಾಲ ತೀರಿಸದೆ ಬೇರೆ ದಾರಿಯಿಲ್ಲ. ಬಾಡಿಗೆಯವರ ಲೆಕ್ಕವೂ ಇದೇ. ಹಣ ಬರುವ ವಾರದಲ್ಲಿ ಮಾತ್ರ ಅವರು ಮೆಟ್ಟಿಲ ಮೇಲೆ ಅಮ್ಮನ ಮುಖ ನೋಡದೆ ಇಳಿದು ಹೋಗುತ್ತಾರೆ. ಎರಡು ಮತ್ತು ಐದಕ್ಕೆ ನನ್ನ ಒಪ್ಪಿಗೆ ಇದೆ.

ಇಲ್ಲಿ ಒಂದು ಮಾತು ಸೇರಿಸಬೇಕು. ಹೀಗೆ ಸುಳಿವು ಬಿಟ್ಟಾಗ ಬರೆಯುವವರ ತಲೆಯಲ್ಲಿ ಎಲ್ಲ ಮೊದಲೇ ಕೂತಿರುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಎಷ್ಟೋ ಸಲ ಇರುವುದಿಲ್ಲ. ಅಮೆರಿಕದ ‘ಬ್ರೇಕಿಂಗ್ ಬ್ಯಾಡ್’ನ ಕೊನೆಯ ಸೀಸನ್ 2012ರಲ್ಲಿ ಶುರುವಾದಾಗ, ನಾಯಕ ಕಾರಿನ ಡಿಕ್ಕಿ ತೆಗೆದರೆ ಒಳಗೆ ದೊಡ್ಡ ಮೆಷಿನ್ ಗನ್. ಅದನ್ನು ಯಾರ ಮೇಲೆ, ಯಾಕೆ ಬಳಸುತ್ತಾನೆ ಅನ್ನುವುದು ಆ ದೃಶ್ಯ ಬರೆದವರಿಗೇ ಆಗ ಗೊತ್ತಿರಲಿಲ್ಲ. ಅದನ್ನು ಅವರೇ ಆಮೇಲೆ ಹೇಳಿಕೊಂಡರು. 2013ರ ಸೆಪ್ಟೆಂಬರ್ 29ರಂದು ಬಂದ ಕೊನೆಯ ಕಂತಿನಲ್ಲಿ ಆ ಗನ್ ತನ್ನ ಕೆಲಸ ಮಾಡಿತು. ಬಹಳ ಜನ ಅದನ್ನು ತೃಪ್ತಿಯ ಮುಕ್ತಾಯ ಅಂದರು. ಮೊದಲು ತೋರಿಸಿ, ದಾರಿ ಆಮೇಲೆ ಹುಡುಕಿದರೂ ನಡೆಯುತ್ತದೆ. ತೋರಿಸಿದ್ದನ್ನು ಮರೆಯಬಾರದು, ಅಷ್ಟೇ.

ಇದಕ್ಕೆ ಉಲ್ಟಾ ಆದದ್ದೂ ಇದೆ, ಮತ್ತು ನಿಮ್ಮ ಮೊದಲ ಊಹೆಗೆ ಅದು ಬಹಳ ಹತ್ತಿರ. ‘ಹೌ ಐ ಮೆಟ್ ಯುವರ್ ಮದರ್’ 2005ರಲ್ಲಿ ಶುರುವಾಯಿತು. ನಗಿಸುವ ಸೀರಿಯಲ್ಲೇ, ಆದರೆ ಕೊನೆಯ ಕಂತಿನಲ್ಲಿ ಅತ್ತವರೂ ಬೈದವರೂ ಬೇಕಾದಷ್ಟು. ಒಬ್ಬ ಅಪ್ಪ ಮಕ್ಕಳಿಬ್ಬರನ್ನು ಕೂರಿಸಿಕೊಂಡು ಅವರಮ್ಮ ತನಗೆ ಸಿಕ್ಕಿದ್ದು ಹೇಗೆ ಅಂತ ಕಥೆ ಹೇಳುತ್ತಾನೆ. ಮಕ್ಕಳ ಪಾತ್ರ ಮಾಡಿದವರು ಬೆಳೆದು ದೊಡ್ಡವರಾಗುತ್ತಾರಲ್ಲ? ಅದಕ್ಕೇ ಕೊನೆಯ ಕಂತಿನ ಅವರ ಮಾತುಗಳನ್ನು ಸೀರಿಯಲ್ ಶುರುವಿನ ವರ್ಷಗಳಲ್ಲೇ ಶೂಟ್ ಮಾಡಿ ಎತ್ತಿಟ್ಟರು. ಅಮ್ಮ ತೀರಿಹೋಗಿದ್ದಾಳೆ, ನೀನು ಹಳೆಯ ಗೆಳತಿಯ ಹತ್ತಿರ ಹೋಗಪ್ಪ ಅಂತ ಮಕ್ಕಳೇ ಹೇಳುವ ದೃಶ್ಯ ಅದು. ಆದರೆ ಒಂಬತ್ತು ಸೀಸನ್‌ಗಳಲ್ಲಿ ಕಥೆ ಎಲ್ಲಿಗೋ ಹೋಗಿತ್ತು. ಆ ಗೆಳತಿಗೆ ಬೇರೊಬ್ಬನ ಜೊತೆ ಮದುವೆ. ಕೊನೆಯ ಸೀಸನ್ ಬಹುಪಾಲು ಆ ಮದುವೆಯ ಎರಡು ಮೂರು ದಿನಗಳದ್ದೇ. 2014ರ ಮಾರ್ಚ್ 31ರ ಕೊನೆಯ ಕಂತಿನಲ್ಲಿ ಆ ಮದುವೆಯನ್ನು ಕೆಲವೇ ನಿಮಿಷದಲ್ಲಿ ಮುರಿದು, ಎತ್ತಿಟ್ಟಿದ್ದ ದೃಶ್ಯವನ್ನು ತಂದು ಅಂಟಿಸಿದರು. ಜನ ಎಷ್ಟು ಸಿಟ್ಟಾದರು ಅಂದರೆ ಆಮೇಲೆ ಡಿವಿಡಿಯಲ್ಲಿ ಇನ್ನೊಂದು ಮುಕ್ತಾಯವನ್ನೂ ಕೊಟ್ಟರು.

ಅಪ್ಪ ವಾಪಸ್ ಬರುವುದು ಇಂಥದೇ ಮುಕ್ತಾಯ. ಮೊದಲ ಸೀಸನ್ನಿನಲ್ಲಿ ಕೇಳಿದ್ದರೆ ನಾನೂ ಹೂಂ ಅನ್ನುತ್ತಿದ್ದೆ. ಆಗ ಮನೆಯೆಲ್ಲ ಅವನ ದಾರಿಯನ್ನೇ ನೋಡುತ್ತಿತ್ತು. ಆಮೇಲೆ ಏನಾಯಿತು ನೆನಪಿಸಿಕೊಳ್ಳಿ. ಮೂರನೇ ಸೀಸನ್ನಿನ ನಡುವೆ ಅಮ್ಮ ಗೋಡೆಯ ಮೊಳೆಯಿಂದ ಅಪ್ಪನ ಶರ್ಟು ತೆಗೆಯುತ್ತಾಳೆ. ಗುಂಡಿಗಳನ್ನು ಒಂದೊಂದಾಗಿ ಕತ್ತರಿಸಿ ಡಬ್ಬಿಗೆ ಹಾಕುತ್ತಾಳೆ. ಉಳಿದ ಬಟ್ಟೆಯನ್ನು ನಾಲ್ಕು ತುಂಡು ಮಾಡಿ, ಒಂದರಿಂದ ಹೊಲಿಗೆ ಮಿಷಿನ್ನಿನ ಎಣ್ಣೆ ಒರೆಸುತ್ತಾಳೆ. ಹಿಂದೆ ಮ್ಯೂಸಿಕ್ ಇಲ್ಲ, ಒಂದು ಮಾತೂ ಇಲ್ಲ. ಅಕ್ಕ ಬಾಗಿಲಲ್ಲಿ ನಿಂತು ನೋಡಿ, ಏನೂ ಕೇಳದೆ ಒಳಗೆ ಹೋಗುತ್ತಾಳೆ. ಇಷ್ಟಾದ ಮೇಲೆ ಅಪ್ಪ ಬಂದರೆ ಅವನನ್ನು ಕೂರಿಸುವುದು ಎಲ್ಲಿ? ಅವನು ಬಂದರೆ ಈ ದೃಶ್ಯ ಸುಳ್ಳಾಗುತ್ತದೆ. ನಿಮ್ಮ ಆಸೆ ನನಗೆ ಅರ್ಥವಾಗುತ್ತದೆ, ಆದರೆ ಅದು ಹಳೇ ಆಸೆ. ಕಥೆ ಅದನ್ನು ದಾಟಿ ಬಂದಿದೆ.

ತಮ್ಮ ಸಾಯುವುದಿಲ್ಲ. ಕೊನೆಯ ಕಂತಿನಲ್ಲಿ ಯಾರನ್ನಾದರೂ ಸಾಯಿಸುವುದು ಸುಲಭ, ಮುಂದಿನ ವಾರಕ್ಕೆ ಆ ನಟ ಬೇಕಾಗಿರುವುದಿಲ್ಲ ನೋಡಿ. ಅದಕ್ಕೇ ನಮಗೆ ಆ ಭಯ. ಸಾವಿನಲ್ಲೇ ಮುಗಿಯಬೇಕಾದ ಕಥೆಗಳು ಬೇರೆ. ‘ಸಿಕ್ಸ್ ಫೀಟ್ ಅಂಡರ್’ ಶವಸಂಸ್ಕಾರದ ವ್ಯವಹಾರ ನಡೆಸುವ ಮನೆಯವರ ಕಥೆ, ಅದರ ಕಂತುಗಳು ಶುರುವಾಗುತ್ತಿದ್ದುದೇ ಒಂದು ಸಾವಿನಿಂದ. 2005ರಲ್ಲಿ ಮುಗಿಯುವಾಗ ಉಳಿದ ಮುಖ್ಯ ಪಾತ್ರಗಳೆಲ್ಲ ಮುಂದೆ ಯಾವತ್ತು, ಹೇಗೆ ಸಾಯುತ್ತಾರೆ ಅಂತ ತೋರಿಸಿಬಿಟ್ಟರು. ಆ ಸೀರಿಯಲ್‌ಗೆ ಅದು ಸಲ್ಲುತ್ತದೆ. ನಮ್ಮದು ಹೇಗಾದರೂ ಮಾಡಿ ಬಾಳುವವರ ಕಥೆ.

ಆರನೆಯದಕ್ಕೆ ಜಾಸ್ತಿ ಜಾಗ ಕೊಡುವುದಿಲ್ಲ. ‘ಸೇಂಟ್ ಎಲ್ಸ್‌ವೇರ್’ ಅನ್ನುವ ಆಸ್ಪತ್ರೆ ಕಥೆ ಆರು ಸೀಸನ್ ನಡೆದು, 1988ರಲ್ಲಿ ಎಲ್ಲವೂ ಒಬ್ಬ ಹುಡುಗನ ಕಲ್ಪನೆ ಇರಬಹುದು ಅನ್ನುವಂತೆ ಮುಗಿಯಿತು. ಅವನ ಕೈಯಲ್ಲಿ ಗಾಜಿನ ಗೋಳ, ಒಳಗೆ ಪುಟಾಣಿ ಆಸ್ಪತ್ರೆ. ಆ ಕಾಲಕ್ಕೆ ಅದು ಧೈರ್ಯ. ಈಗ ಮಾಡಿದರೆ ನಾನು ಟಿವಿ ಆರಿಸಿ ಮಲಗುತ್ತೇನೆ.

ಅಕ್ಕನ ಬಗ್ಗೆ ನೀವು ಅರ್ಧ ಸರಿ. ಮನೆ ಬಿಡಬೇಕು ಅಂತ ನಾಲ್ಕು ಸೀಸನ್ನಿಂದ ಹೇಳುತ್ತಿರುವವಳು ಅವಳೇ, ಹಾಗಾಗಿ ಬಿಡುತ್ತಾಳೆ ಅಂತ ನೀವು ಹಿಡಿದಿದ್ದೀರಿ. ನನಗೆ ‘ಮ್ಯಾಶ್’ನ ಕ್ಲಿಂಗರ್ ನೆನಪಾಗುತ್ತಾನೆ. ಕೊರಿಯಾ ಯುದ್ಧದ ಸೇನಾ ಆಸ್ಪತ್ರೆಯ ಕಥೆ ಅದು. ಯುದ್ಧ ನಡೆದದ್ದು ಮೂರು ವರ್ಷ, ಸೀರಿಯಲ್ ನಡೆದದ್ದು ಹನ್ನೊಂದು ಸೀಸನ್! 1983ರ ಫೆಬ್ರವರಿ 28ರಂದು ಬಂದ ಕೊನೆಯ ಕಂತನ್ನು ಅಮೆರಿಕದಲ್ಲಿ 10 ಕೋಟಿಗೂ ಹೆಚ್ಚು ಜನ ನೋಡಿದರು. ಯುದ್ಧ ಮುಗಿಯುತ್ತದೆ, ಎಲ್ಲರೂ ಮನೆಗೆ ಹೋಗುತ್ತಾರೆ ಅಂತ ಎಲ್ಲರಿಗೂ ಗೊತ್ತಿತ್ತು. ಹುಚ್ಚ ಅಂತ ಅನ್ನಿಸಿಕೊಂಡಾದರೂ ಸೈನ್ಯದಿಂದ ಬಿಡಿಸಿಕೊಳ್ಳೋಣ ಅಂತ ವರ್ಷಗಟ್ಟಲೆ ಹೆಂಗಸರ ಬಟ್ಟೆ ಹಾಕಿಕೊಂಡು ತಿರುಗಿದವನು ಕ್ಲಿಂಗರ್. ಕೊನೆಗೆ ಕೊರಿಯಾದಲ್ಲೇ ಉಳಿದವನು ಅವನು. ಅಲ್ಲಿಯ ಹುಡುಗಿಯನ್ನು ಮದುವೆಯಾಗಿ, ಅವಳ ಮನೆಯವರನ್ನು ಹುಡುಕುವುದಕ್ಕೆ ನಿಂತ. ನೋಡಿದಾಗ ಹೌದಲ್ವಾ, ಇವನೇ ಉಳಿಯಬೇಕಿತ್ತು ಅನ್ನಿಸುತ್ತದೆ. ನಮ್ಮ ಅಕ್ಕನಿಗೆ ಹೋಗುವ ದಾರಿ ಸಿಗುತ್ತದೆ, ಹೋಗುವವಳು ಮಾತ್ರ ಅಮ್ಮ ಅಂತ ನನ್ನ ಊಹೆ. ಮಿಷಿನ್ನೂ ಜೊತೆಗೆ ಹೋಗುತ್ತದೆ.

ಗೇಟು ತೆರೆಯಬಹುದು. ಯಾರು ಬಂದರು ಅಂತ ತೋರಿಸುತ್ತಾರಾ ಅನ್ನುವುದು ಬೇರೆ ಪ್ರಶ್ನೆ. ಮಾಫಿಯಾ ದೊರೆಯೊಬ್ಬನ ಕಥೆ ‘ದಿ ಸೊಪ್ರಾನೋಸ್’ 2007ರ ಜೂನ್ 10ರಂದು ಮುಗಿದದ್ದು ಹೋಟೆಲಿನ ಬಾಗಿಲ ಗಂಟೆ ಬಾರಿಸಿ, ನಾಯಕ ತಲೆ ಎತ್ತಿದ ಕ್ಷಣಕ್ಕೆ. ಪರದೆ ಕಪ್ಪಾಯಿತು, ಸದ್ದು ನಿಂತಿತು. ಕೇಬಲ್ ಹೋಯಿತು ಅಂತ ಟಿವಿ ತಟ್ಟಿದವರಿದ್ದರು. ಅವನು ಸತ್ತನಾ ಇಲ್ಲವಾ ಅಂತ ವಾದ ಇವತ್ತಿಗೂ ನಿಂತಿಲ್ಲ.

ಇನ್ನು ನಿಮ್ಮ ತಂಗಿಯ ಮಾತು. 1980ರ ಮಾರ್ಚ್‌ನಲ್ಲಿ ‘ಡಲ್ಲಾಸ್’ನ ಖಳನಾಯಕ ಜೆ.ಆರ್.ಗೆ ಯಾರೋ ಗುಂಡು ಹಾರಿಸಿದರು. ಯಾರು ಅಂತ ತಿಳಿದದ್ದು ನವೆಂಬರ್ 21ಕ್ಕೆ. ನಟರ ಮುಷ್ಕರದಿಂದ ಇನ್ನೂ ತಡವಾಗಿತ್ತು. ಆ ಎಂಟು ತಿಂಗಳು ಜನ ಊಹಿಸಿದ್ದೇ ಊಹಿಸಿದ್ದು, ಬಾಜಿ ಕಟ್ಟಿದ್ದೇ ಕಟ್ಟಿದ್ದು. ಗುಟ್ಟು ಒಡೆಯದಿರಲಿ ಅಂತ ಬೇರೆ ಬೇರೆ ಪಾತ್ರಗಳ ಕೈಯಲ್ಲಿ ಗುಂಡು ಹಾರಿಸಿ ಸುಳ್ಳು ದೃಶ್ಯಗಳನ್ನೂ ತೆಗೆದಿದ್ದರು. ಕೊನೆಗೆ ಗುಂಡು ಹಾರಿಸಿದ್ದು ಅವನ ನಾದಿನಿ. ಇವತ್ತು ಜನರ ನೆನಪಿನಲ್ಲಿ ಜಾಸ್ತಿ ಉಳಿದಿರುವುದು ಉತ್ತರಕ್ಕಿಂತ ಆ ಪ್ರಶ್ನೆ.

ಸಂಶೋಧನೆಯ ಮಾತು ಬೇಕಿದ್ದರೆ, 2011ರಲ್ಲಿ ಸ್ಯಾನ್ ಡಿಯಾಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಇಬ್ಬರು ಸಣ್ಣಕಥೆಗಳನ್ನು ಕೊಟ್ಟು ಪರೀಕ್ಷೆ ಮಾಡಿದರು. ಕೊನೆ ಏನು ಅಂತ ಮೊದಲೇ ತಿಳಿದವರೇ ಹೆಚ್ಚು ಖುಷಿಪಟ್ಟಿದ್ದರು. ಆಮೇಲೆ ಬೇರೆಯವರು ಮಾಡಿದ ಪರೀಕ್ಷೆಯಲ್ಲಿ ಇದಕ್ಕೆ ವಿರುದ್ಧವಾದ ಫಲಿತಾಂಶವೂ ಬಂತು. ನಾಲ್ಕು ಸೀಸನ್ ಜೊತೆಗೆ ಬಾಳಿದ ಕಥೆಯನ್ನು ಸಣ್ಣಕಥೆಯ ತಕ್ಕಡಿಯಲ್ಲಿ ತೂಗುವುದೂ ಕಷ್ಟ. ನಾನು ಇದಕ್ಕಿಂತ ರನ್ನನನ್ನು ನಂಬುತ್ತೇನೆ. ದುರ್ಯೋಧನನ ತೊಡೆ ಮುರಿಯುತ್ತದೆ ಅಂತ ಯಾರಿಗೆ ಗೊತ್ತಿಲ್ಲ? ಆದರೂ ‘ಗದಾಯುದ್ಧ’ವನ್ನು ಸಾವಿರ ವರ್ಷದಿಂದ ಓದುತ್ತಿದ್ದೇವೆ. ಗದೆ ಬೀಳುವ ಮೊದಲು ರನ್ನ ಅವನನ್ನು ಹೆಣಗಳ ನಡುವೆ ನಡೆಸುತ್ತಾನೆ. ಮಗನ ಮುಂದೆ ನಿಲ್ಲಿಸುತ್ತಾನೆ, ಕರ್ಣನ ಮುಂದೆ ನಿಲ್ಲಿಸುತ್ತಾನೆ. ಕೊನೆ ಗೊತ್ತಿದ್ದೂ ನಾವು ಅಲ್ಲಿ ತಡೆದು ನಿಲ್ಲುತ್ತೇವೆ.

ಊಹೆ ಸರಿಯಾಗಿಯೂ ಬೇಜಾರಾಗುವುದುಂಟು. ‘ಗೇಮ್ ಆಫ್ ಥ್ರೋನ್ಸ್’ನಲ್ಲಿ ರಾಣಿ ಡೆನೇರಿಸ್ ಊರು ಸುಡುತ್ತಾಳೆ ಅಂತ ಮೊದಲೇ ಹೇಳಿದ್ದ ಅಭಿಮಾನಿಗಳಿದ್ದರು. ಆದರೆ 2019ರ ಕೊನೆಯ ಸೀಸನ್ನಿನಲ್ಲಿ ಇದ್ದದ್ದು ಆರೇ ಕಂತು, ಅಲ್ಲಿಗೆ ಓಡಿಕೊಂಡು ಹೋಗಿ ಮುಟ್ಟಿದರು. ಮತ್ತೆ ತೆಗೆಯಿರಿ ಅಂತ ಹತ್ತು ಲಕ್ಷಕ್ಕೂ ಹೆಚ್ಚು ಜನ ಮನವಿಗೆ ಸಹಿ ಹಾಕಿದರು. ಊಹೆ ಮಾಡಿ, ಹಕ್ಕು ಚಲಾಯಿಸಬೇಡಿ ಅಂತ ನಾನು ಹೇಳುವುದು ಇಂಥ ಕಡೆ. ಪಟ್ಟಿಯನ್ನು ಮಡಚಿ ಎಲ್ಲಾದರೂ ಇಟ್ಟುಬಿಡಿ, ಮುಗಿದ ಮೇಲೆ ತೆಗೆಯಿರಿ. ಮತ್ತು ತಂಗಿಯ ಪಕ್ಕ ಕೂತಾಗ, ಚಿಕ್ಕಪ್ಪ ಸಿಕ್ಕಿಬಿದ್ದ ಕೂಡಲೇ “ನಾನು ಹೇಳಿರಲಿಲ್ವಾ” ಅನ್ನಬೇಡಿ. ಅವಳ ದೂರು ಊಹೆಯ ಮೇಲಲ್ಲ, ಅದರ ಮೇಲೇ ಇರಬೇಕು ಅಂತ ನನಗೆ ಗುಮಾನಿ.