ನರದ ಉರಿಗೆ ವಿಜಯಾ ಎಣ್ಣೆ: ನಾನು ಯಾಕೆ ಪರ?

ತಾಯಿಯವರಿಗೆ ಸರ್ಪಸುತ್ತು ವಾಸಿಯಾದರೂ ಉರಿ ಹೋಗಿಲ್ಲ, ಗಾಂಜಾ ಗಿಡದ (ಆಯುರ್ವೇದದಲ್ಲಿ ಇದಕ್ಕೆ ವಿಜಯಾ ಅಂತ ಹೆಸರು) ಔಷಧಿ ಕೊಡಬಹುದಾ, ನೀವು ಯಾಕೆ ಅದರ ಪರ ಅಂತ ಕೇಳಿದ್ದೀರಿ.

ನಮ್ಮಪ್ಪನಿಗೆ ಸಕ್ಕರೆ ಕಾಯಿಲೆಯಿಂದ ಪಾದದ ನರ ಹಾಳಾಗಿತ್ತು. ಹೊದಿಕೆ ತಾಗಿದರೂ ಚೀರುತ್ತಿದ್ದರು. ಬಕೆಟ್ಟಿನ ತಣ್ಣೀರಲ್ಲಿ ಕಾಲಿಟ್ಟು ಕೂತೇ ಬೆಳಗು ಮಾಡುತ್ತಿದ್ದರು. ನರದ ನೋವಿಗೆ ಕೊಡುವ ಪ್ರಿಗ್ಯಾಬಲಿನ್ ಔಷಧಿ ಜಾಸ್ತಿ ಮಾಡಿದರೆ ಹಗಲೆಲ್ಲ ತೂಕಡಿಕೆ. ಅದನ್ನು ನೋಡಿದ ಮೇಲೆ, ಇನ್ನೊಂದು ಔಷಧಿಗೆ ದಾರಿ ಇರಲಿ ಅನಿಸಿತು. ಅಷ್ಟೇ ಕಾರಣ.

ಹಾಗಂತ ಪವಾಡ ಬೇಡಿ. ನರದ ನೋವು ಕೆಲವರಿಗೆ ಸ್ವಲ್ಪ ತಗ್ಗುತ್ತದೆ, ಹಲವರಿಗೆ ಇಲ್ಲ.

ಕಾನೂನಿನ ಭಯ ಸಹಜ. 1985ರ ಎನ್‌ಡಿಪಿಎಸ್ (ಮಾದಕ ವಸ್ತು ನಿಯಂತ್ರಣ) ಕಾಯ್ದೆ ಹಿಡಿಯುವುದು ಹೂವಿನ ತುದಿಯನ್ನು (ಗಾಂಜಾ), ಅಂಟನ್ನು (ಚರಸ್). ತುದಿಯಿಲ್ಲದ ಬರೀ ಎಲೆ ಗಾಂಜಾದ ವ್ಯಾಖ್ಯೆಯಲ್ಲಿಲ್ಲ. ಅದಕ್ಕೇ ಲೈಸೆನ್ಸ್ ಇರುವವರು ಎಲೆಯಿಂದ ಮಾಡಿದ ವಿಜಯಾ ಔಷಧಿ ಆಯುರ್ವೇದ ವೈದ್ಯರ ಚೀಟಿ ಮೇಲೆ ಸಿಗುತ್ತದೆ. ಯಾರೋ ಕೊಟ್ಟ ಪೊಟ್ಟಣ ಮಾತ್ರ ಬೇಡವೇ ಬೇಡ.

ಅಮ್ಮ ರಕ್ತ ತೆಳುವಾಗುವ ವಾರ್ಫರಿನ್ ತಗೋತಾರಾ? ಹಾಗಿದ್ದರೆ ಮೊದಲು ಆ ಡಾಕ್ಟರನ್ನು ಕೇಳಿ, ಎರಡೂ ಸೇರಿದರೆ ರಕ್ತಸ್ರಾವದ ಅಪಾಯ ಹೆಚ್ಚಬಹುದು. ತಲೆ ಸುತ್ತುವುದೂ ಉಂಟು. ಶುರು ಮಾಡಿದರೆ ರಾತ್ರಿ ಬಚ್ಚಲಿಗೆ ಒಬ್ಬರನ್ನೇ ಬಿಡಬೇಡಿ.