ಒಂದೇ ಲಾರಿ, ಮೂರು ಖಾನೆ

ಪ್ರಶ್ನೆ: ಐಸ್‌ಕ್ರೀಮ್, ಹಾಲು, ಬಿಸ್ಕತ್ತು ಮೂರನ್ನೂ ಒಂದೇ ಲಾರಿಯಲ್ಲಿ ಕಳಿಸುತ್ತೇವೆ. ಕಂಪ್ಯೂಟರಿನ ಪ್ಲಾನ್ ಜಾಗ ಇದೆ ಅನ್ನುತ್ತದೆ. ಲೋಡ್ ಮಾಡುವಾಗ ಹಿಡಿಸುವುದಿಲ್ಲ. ಯಾಕೆ?

ಉತ್ತರ: ಪ್ಲಾನ್ ಇಡೀ ಲಾರಿಯನ್ನು ಒಂದೇ ದೊಡ್ಡ ಡಬ್ಬಿ ಅಂತ ಲೆಕ್ಕ ಹಾಕುತ್ತಿರಬೇಕು. ಲೋಡಿಂಗ್ ಕೆಲಸದಲ್ಲಿ ನಾನು ಮೊದಲು ನೋಡುವುದೇ ಇದನ್ನು. ಐಸ್‌ಕ್ರೀಮಿಗೆ ಮೈನಸ್ 18 ಡಿಗ್ರಿ ಅಥವಾ ಅದಕ್ಕೂ ಜಾಸ್ತಿ ತಂಪು ಬೇಕು. ಹಾಲಿಗೆ 4 ಡಿಗ್ರಿ ಆಸುಪಾಸು ಸಾಕು. ಬಿಸ್ಕತ್ತಿನ ಖಾನೆ ಅರ್ಧ ಖಾಲಿ ಇದ್ದರೂ ಐಸ್‌ಕ್ರೀಮಿಗೆ ಅದರಿಂದ ಏನೂ ಪ್ರಯೋಜನ ಇಲ್ಲ, ಅಲ್ವಾ?

ಹಾಗಾಗಿ ಪ್ರತಿ ಖಾನೆಗೂ ಎಷ್ಟು ಪ್ಯಾಲೆಟ್ (ಸರಕು ಪೇರಿಸುವ ಹಲಗೆ), ಎಷ್ಟು ತೂಕ ಅಂತ ಬೇರೆ ಬೇರೆ ಮಿತಿ ಕೊಡಿ. ಇಡೀ ಲಾರಿಯ ತೂಕದ ಮಿತಿಯೂ ಇರಲೇಬೇಕು. ನಡುವಿನ ಗೋಡೆ ಸರಿಸುವಂಥದ್ದಾದರೆ, ಅದು ನಿಲ್ಲುವ ಒಂದೊಂದು ಜಾಗವನ್ನೂ ಒಂದೊಂದು ವಿನ್ಯಾಸವಾಗಿ ಪ್ಲಾನಿಗೆ ಸೇರಿಸಿ. ಜಾಗದ ಲೆಕ್ಕದಿಂದ ಗೋಡೆಯ ದಪ್ಪವನ್ನೂ ಕಳೆಯಿರಿ.

ಇಳಿಸುವ ಸರದಿಯನ್ನು ದಯವಿಟ್ಟು ಮರೆಯಬೇಡಿ. ಹಿಂಬಾಗಿಲು ಮಾತ್ರ ಇದ್ದರೆ ಮುಂದಿನ ಖಾನೆಯ ಸರಕಿಗೆ ಹಿಂದಿನದೇ ಅಡ್ಡ. ಹಿಂದಿನದು ಖಾಲಿಯಾದಂತೆ ಭಾರದ ಹಂಚಿಕೆಯೂ ಬದಲಾಗುತ್ತದೆ. ಮುಂಭಾಗದ ಆಕ್ಸಲ್ (ಚಕ್ರಗಳ ಅಚ್ಚು) ಮೇಲಿನ ಭಾರ ಮಿತಿ ಮೀರಬಹುದು. ಹೊರಡುವಾಗಿನ ಲೆಕ್ಕ ಸಾಲದು, ಪ್ರತಿ ನಿಲುಗಡೆಯ ನಂತರವೂ ನೋಡಿ.